ತೆರೆಜಾಬಾಯಿ ಕೊಟ್ಟ ಟೀ ಸೊಳ್ಳೆಗಳು

ಕಾಸರಗೋಡು ಜಿಲ್ಲೆಯ ಬೋವಿಕಾನ ಪೇಟೆಯಿಂದ ಎರಡು ಮೈಲು ಮೇಲಕ್ಕೆ ಹತ್ತಿದರೆ ಬೊಳ್ಳಾರಪದವು ಎಂಬ ಮುರಕಲ್ಲಿನ ಗುಡ್ಡ ಸಿಗುತ್ತದೆ. ಅಲ್ಲಿ ಹೆಚ್ಚಿನವರದ್ದೂ ಗೇರು ಕೃಷಿ. ೨೦೧೭ರ ನವೆಂಬರ್ ಕೊನೆಯ ಒಂದು ಬೆಳಿಗ್ಗೆ ತೆರೆಜಾಬಾಯಿ ದನಕ್ಕೆ ಸೊಪ್ಪು ತರಲು ತೋಟಕ್ಕೆ ಹೋದವಳು ಮೂರನೆಯ ಮರದ ಬುಡದಲ್ಲೇ ನಿಂತುಬಿಟ್ಟಳು.

ಹಿಂದಿನ ವಾರ ಕೆಂಪಗೆ ಹೊರಟಿದ್ದ ಚಿಗುರೆಲ್ಲ ಬೆಂಕಿ ತಾಗಿದ ಹಾಗೆ ಕರಟಿತ್ತು. ದಂಟಿನ ಮೇಲೆ ಸಾಲಾಗಿ ಕಪ್ಪು ಚುಕ್ಕೆಗಳು. ಒಂದು ಚಿಗುರಿನ ಕೊಡಿಯನ್ನು ಬಗ್ಗಿಸಿ ನೋಡಿದಳು. ಎಲೆಯಡಿಯಲ್ಲಿ ತೆಳ್ಳಗಿನ ಮೈಯ, ಉದ್ದ ಕಾಲಿನ, ಬೆನ್ನ ಮೇಲೆ ಗುಂಡುಸೂಜಿಯಂಥ ಮುಳ್ಳು ಹೊತ್ತ ಕೀಟವೊಂದು ಕೂತಿತ್ತು. ಟೀ ಸೊಳ್ಳೆ. ಹೆಸರಿಗೆ ಸೊಳ್ಳೆ, ಮನುಷ್ಯರನ್ನು ಕಚ್ಚುವುದಿಲ್ಲ. ಎಳೆ ಚಿಗುರಿನ, ಹೂವಿನ ರಸ ಹೀರುತ್ತದೆ. ಅದು ಬಾಯಿ ಹಾಕಿದ ಕಡೆ ಕಪ್ಪಾಗುತ್ತದೆ. ಹೂಗೊಂಚಲಿಗೆ ಬಂದರೆ ಆ ವರ್ಷ ಬೀಜದ ಆಸೆ ಬಿಡಬೇಕು.

ಕಲ್ಲಿನ ಬೇಲಿಯಾಚೆಯಿಂದ ನೆರೆಯ ಉಗ್ಗಪ್ಪನ ಸ್ವರ ಕೇಳಿತು.

“ಬಾಯಮ್ಮಾ, ನಿಮ್ಮದಕ್ಕೂ ಬಂತಾ?”

“ಬಂದದ್ದು ಕಾಣುದಿಲ್ವಾ?”

“ಮದ್ದು ಬಿಡದೆ ಕೂತರೆ ಮತ್ತೆಂತ ಆಗ್ತದೆ? ನಾನು ಈ ಸಲ ಎರಡು ಸರ್ತಿ ಬಿಟ್ಟಾಯಿತು. ಆದರೂ ನಿಮ್ಮ ತೋಟದಿಂದ ನನ್ನದಕ್ಕೆ ಹಾರಿ ಬರ್ತದೆ.”

“ಎರಡು ಸರ್ತಿ ಬಿಟ್ಟ ಮೇಲೂ ನಿಮ್ಮಲ್ಲಿ ಉಂಟಲ್ಲ. ನಿಮ್ಮಲ್ಲಿಂದ ನನ್ನದಕ್ಕೆ ಬರುದು ಯಾಕಾಗಬಾರದು?”

ಉಗ್ಗಪ್ಪ ಕೆಟ್ಟ ಮನುಷ್ಯನಲ್ಲ. ಮಳೆಗಾಲದಲ್ಲಿ ತೆರೆಜಾಳ ಮನೆಯ ಹಂಚು ಹಾರಿಹೋದಾಗ ಏಣಿ ಹೊತ್ತು ಮೊದಲು ಓಡಿ ಬಂದವನು ಅವನೇ. ಆದರೆ ಆ ದಿನ ಅವನು ಒಂದು ಸುದ್ದಿ ಹೇಳಿದ. ಜನವರಿ ಏಳರ ಆದಿತ್ಯವಾರ ಗುಡ್ಡದ ಬೆಳೆಗಾರರೆಲ್ಲ ವಾಚನಾಲಯದಲ್ಲಿ ಸೇರುವುದೆಂದು ನಿಶ್ಚಯವಾಗಿದೆಯಂತೆ. ದೊಡ್ಡ ಯಂತ್ರ ತರಿಸಿ, ಮದ್ದಿನ ಪ್ರಮಾಣ ಎರಡು ಪಟ್ಟು ಮಾಡಿ, ಇಡೀ ಗುಡ್ಡಕ್ಕೆ ಒಂದೇ ದಿನ ಬಿಡುವ ಯೋಚನೆಯಂತೆ.

“ನನ್ನ ತೋಟಕ್ಕೆ ಬೇಡ,” ಎಂದಳು ತೆರೆಜಾ.

“ನಿಮಗೆ ಬೇಡ ಅಂದ್ರೆ ಗಾಳಿಗೆ ಗೊತ್ತಾಗ್ತದಾ ಬಾಯಮ್ಮಾ?” ಉಗ್ಗಪ್ಪ ತಮಾಷೆಗೆಂದೇ ಹೇಳಿದ. ತೆರೆಜಾ ಒಂದಿಷ್ಟು ಸೊಪ್ಪು ಕೊಯ್ದು, ಕಟ್ಟು ಹೊತ್ತು ಮನೆಗೆ ಬಂದಳು.

ಗಾಳಿಯ ವಿಷಯ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ, ಎರಡು ಸಾವಿರದ ಇಸವಿಯ ತನಕ ಗುಡ್ಡದಾಚೆಯ ಗೇರು ಪ್ಲಾಂಟೇಶನ್‌ಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಬಿಡುತ್ತಿದ್ದರು. ಈ ಟೀ ಸೊಳ್ಳೆಯನ್ನು ಕೊಲ್ಲುವುದಕ್ಕೆಂದೇ. ಬಾವಿ ಮುಚ್ಚಿಕೊಳ್ಳಿ ಎಂದು ಮೊದಲೇ ಹೇಳಿಹೋಗುತ್ತಿದ್ದರು. ತೆರೆಜಾ ತೆಂಗಿನ ಮಡಲು ಹಾಕಿ ಬಾವಿ ಮುಚ್ಚಿದ್ದಳು. ಆದರೆ ಅಂಗಳಕ್ಕೆ, ಒಣಹಾಕಿದ ಬಟ್ಟೆಗೆ, ಉಸಿರಿಗೆ ಯಾವ ಮಡಲು? ೧೯೯೧ರಲ್ಲಿ ಮಗಳು ಸಿಂಥಿಯಾ ಹುಟ್ಟಿದಳು. ಮೂರು ವರ್ಷದ ತನಕ ಕುತ್ತಿಗೆ ನಿಲ್ಲಲಿಲ್ಲ. ಕಾಲಿಗೆ ಬಲ ಬರಲೇ ಇಲ್ಲ. ಮುಂದೆ ವೈದ್ಯಕೀಯ ಕ್ಯಾಂಪಿನಲ್ಲಿ ಡಾಕ್ಟರರು ಅವಳ ಹೆಸರನ್ನು ಸಂತ್ರಸ್ತರ ಪಟ್ಟಿಗೆ ಸೇರಿಸಿದರು.

ಸಿಂಥಿಯಾಗೆ ಈಗ ಇಪ್ಪತ್ತಾರು. ಮಾತು ನಿಧಾನ, ಬುದ್ಧಿ ಚುರುಕು. ಜಗಲಿಯ ಕುರ್ಚಿಯಲ್ಲಿ ಕೂತು ಜಪಸರ ಪೋಣಿಸುತ್ತಾಳೆ, ಎದುರಿನ ಪೇರಳೆ ಮರಕ್ಕೆ ಬಂದುಹೋಗುವ ಎಲ್ಲ ಜೀವಗಳ ಲೆಕ್ಕ ಇಡುತ್ತಾಳೆ. ಆ ಮನೆಯಲ್ಲಿ ಅಡಿಗೆಕೋಣೆಯ ಇರುವೆಗೂ ಮದ್ದಿನ ಪುಡಿ ಹಾಕುವ ಕ್ರಮ ಇಲ್ಲ.

ಮುಂದಿನ ಆದಿತ್ಯವಾರ ಮಧ್ಯಾಹ್ನ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರ ಅಯಲ್ಕೂಟ, ಎಂದರೆ ನೆರೆಮನೆಯವರ ಸಭೆ, ತೆರೆಜಾಳ ಜಗಲಿಯಲ್ಲೇ ನಡೆಯಿತು. ಮುಗಿದ ಮೇಲೆ ಎಲ್ಲರೂ ಹೋದರು, ಸೌದಾಮಿನಿ ಮಾತ್ರ ಉಳಿದಳು. ಅವಳು ಗುಡ್ಡದ ಕೆಳಗಿನ ಮನೆಯವಳು, ಕೃಷಿಭವನದಲ್ಲಿ ಸಹಾಯಕಿ. ಕೊಡೆಯ ಹಿಡಿ ತಿರುಗಿಸುತ್ತ ಕೂತಳು.

“ಎಂತದೋ ಕೇಳ್ಲಿಕ್ಕುಂಟು ನಿಂಗೆ. ಕೇಳು,” ಎಂದಳು ತೆರೆಜಾ.

“ಕಾಸರಗೋಡಿನಲ್ಲಿ ಸಂಶೋಧನೆ ಮಾಡುವ ಒಬ್ಬಳು ಹುಡುಗಿ ಉಂಟು. ಶ್ರೀರಂಜಿನಿ ಅಂತ, ನಮ್ಮ ಕಾರಡ್ಕದವಳೇ. ಅವಳಿಗೆ ಟೀ ಸೊಳ್ಳೆ ಬೇಕಂತೆ. ಮದ್ದು ಬಿಡದ ತೋಟದ್ದು. ಈ ಗುಡ್ಡದಲ್ಲಿ ಅಂಥದ್ದು ಇರುದು ನಿನ್ನದೊಂದೇ.”

“ಆಗುದಿಲ್ಲ.”

“ಪೂರ್ತಿ ಕೇಳು ಮಾರಾಯ್ತಿ.”

“ಆಗುದಿಲ್ಲ ಅಂದೆ. ಆಗಲೂ ಫೈಲು ಹಿಡ್ಕೊಂಡು ಬಂದಿದ್ದರು. ಎಲೆ ಮಗುಚಿ ನೋಡಿದರು, ಹುಳ ಎಣಿಸಿದರು, ಬರ್ಕೊಂಡು ಹೋದರು. ಅದರ ಹಿಂದಿನಿಂದ ಎಂತ ಬಂತು ಅಂತ ನಿಂಗೆ ಗೊತ್ತುಂಟಲ್ಲ. ಹುಳ ಕೇಳಿಕೊಂಡು ಬರುವವರು ನನ್ನ ಗೇಟಿನ ಹೊರಗೆ ಇರಲಿ.”

ಸೌದಾಮಿನಿ ಕೊಡೆ ಹಿಡಿದು ಎದ್ದಳು. ತೆರೆಜಾಳ ಗಂಡ ಪಿಯುಸ್ ಒಳಗಿನಿಂದ ಬಂದು, “ಚಾ ಆದರೂ ಕುಡಿದು ಹೋಗಿ,” ಎಂದ. ಆ ಮನೆಯಲ್ಲಿ ಹೆಂಡತಿ ತೀರ್ಮಾನ ಹೇಳಿದ ಮೇಲೆ ಪಿಯುಸ್‌ನ ಪಾಲಿಗೆ ಉಳಿಯುವುದು ಚಾ ಮಾತ್ರ.

ನಾಲ್ಕು ದಿನ ಕಳೆದು ಸೌದಾಮಿನಿ ಶ್ರೀರಂಜಿನಿಯನ್ನು ಕರೆದುಕೊಂಡು ಬಂದಳು, ಆದರೆ ತೆರೆಜಾಳ ಮನೆಗಲ್ಲ, ಉಗ್ಗಪ್ಪನ ತೋಟಕ್ಕೆ. ಮದ್ದು ಬಿಟ್ಟ ತೋಟದ ಕೀಟಗಳೂ ಆ ಹುಡುಗಿಗೆ ಬೇಕಿದ್ದವು. ತೆರೆಜಾ ಬೇಲಿಯ ಈಚೆಯಿಂದ ನೋಡಿದಳು. ಮೂವತ್ತರ ಒಳಗಿನ ಹುಡುಗಿ. ಬಾಯಲ್ಲೊಂದು ಕೊಳವೆ ಕಚ್ಚಿ, ಕೊಂಬೆಯಿಂದ ಕೊಂಬೆಗೆ ಹೋಗಿ ಕೀಟಗಳನ್ನು ಗಾಜಿನ ನಳಿಗೆಗೆ ಹೀರಿಕೊಳ್ಳುತ್ತಿದ್ದಳು. ಉಗ್ಗಪ್ಪ ಪಕ್ಕದಲ್ಲಿ ಪೆಚ್ಚಾಗಿ ನಿಂತಿದ್ದ.

“ಮದ್ದು ಬಿಟ್ಟು ಎಷ್ಟು ದಿನ ಆಯ್ತು?” ಶ್ರೀರಂಜಿನಿ ಕೇಳಿದಳು.

“ಮೊನ್ನೆ. ಮೂರನೇ ಸರ್ತಿ.”

ತೆರೆಜಾಗೆ ಮದ್ದಿನ ವಾಸನೆ ಬೇಲಿಯ ತನಕ ಬರುತ್ತಿತ್ತು. ಆದರೂ ಅಲ್ಲಿ ಎಲೆಯಡಿಯಲ್ಲಿ ಕೀಟಗಳು ಆರಾಮವಾಗಿ ಕೂತು ರಸ ಹೀರುವುದು ಅವಳ ಕಣ್ಣಿಗೆ ಚೆನ್ನಾಗಿ ಕಂಡಿತು. ಒಂದಲ್ಲ, ಎರಡಲ್ಲ. ಹುಡುಗಿಯ ನಳಿಗೆ ಅರ್ಧ ಗಂಟೆಯಲ್ಲಿ ತುಂಬಿತು.

“ಅದಕ್ಕೇ ಎರಡು ಪಟ್ಟು ಬಿಡುವ ಅಂತ ಹೇಳುದು,” ಎಂದ ಉಗ್ಗಪ್ಪ.

ತೆರೆಜಾಗೆ ಸುಮ್ಮನಿರಲು ಆಗಲಿಲ್ಲ. “ಮೂರು ಸರ್ತಿ ಬಿಟ್ಟರೂ ಸಾಯದ್ದು ಎರಡು ಪಟ್ಟಿಗೆ ಸಾಯ್ತದಾ?” ಎಂದು ಬೇಲಿಯಿಂದಲೇ ಕೇಳಿದಳು.

ಶ್ರೀರಂಜಿನಿ ತಿರುಗಿ ನೋಡಿದಳು. “ಸತ್ಯ ಹೇಳ್ಬೇಕಾ ಬಾಯಮ್ಮ? ನನಗೆ ಗೊತ್ತಿಲ್ಲ. ಈ ಮದ್ದು ಇವುಗಳಿಗೆ ಅಭ್ಯಾಸ ಆಗಿರಬಹುದು. ಬರೀ ಇಲ್ಲಿಯ ಹುಳ ನೋಡಿದರೆ ಅದು ಗೊತ್ತಾಗುದಿಲ್ಲ. ಇದೇ ಗುಡ್ಡದಲ್ಲಿ ಮದ್ದು ಬಿಡದ ಕಡೆಯದ್ದನ್ನೂ ಇಟ್ಟು ಹೋಲಿಸಬೇಕು.”

“ಹೋಲಿಸಲಿಕ್ಕೆ ಎಷ್ಟು ದಿನ ಬೇಕು?”

“ಎರಡು ವಾರದಲ್ಲಿ ಹೇಳಬಹುದು.”

ಜನವರಿ ಏಳಕ್ಕೆ ಇನ್ನೂ ಒಂದು ತಿಂಗಳಿತ್ತು. ತೆರೆಜಾ ಅಲ್ಲೇ ನಿಂತು ಯೋಚಿಸಿದಳು. ಹುಳ ಕೊಟ್ಟರೆ ಹೆದರಿಕೆ. ಕೊಡದಿದ್ದರೆ ಯಂತ್ರ ಬರುವುದು ಖಂಡಿತ.

“ಒಳಗೆ ಬಾ,” ಎಂದಳು. “ಮೊದಲು ನನ್ನ ಮಗಳತ್ರ ಮಾತಾಡು.”

ಸಿಂಥಿಯಾ ಬಂದವಳನ್ನು ಮೇಲಿಂದ ಕೆಳಗೆ ನೋಡಿದಳು. ಅಕ್ಷರ ಅಕ್ಷರ ಬಿಡಿಸಿ, ನಿಧಾನವಾಗಿ ಕೇಳಿದಳು, “ಹುಳ… ಕೊಂಡುಹೋಗಿ… ಎಂತ ಮಾಡ್ತೀರಿ?”

“ಎರಡು ಕೆಲಸ ಉಂಟು. ಒಂದು, ಮದ್ದಿಗೆ ಸಾಯ್ತದಾ ಇಲ್ವಾ ಅಂತ ಪರೀಕ್ಷೆ. ಇನ್ನೊಂದು ದೊಡ್ಡದು. ಈ ಕೀಟದ ಜೀನೋಮ್, ಅಂದ್ರೆ ಅದರ ಮೈಯೊಳಗೆ ಬರೆದದ್ದನ್ನೆಲ್ಲ ಮೊದಲಿಂದ ಕೊನೆ ತನಕ ಓದಿ ಜೋಡಿಸುದು.”

“ಓದಿ… ಇನ್ನೂ ಜೋರಿನ… ವಿಷ ಮಾಡ್ಲಿಕ್ಕಾ?”

ಸೌದಾಮಿನಿ ಏನೋ ಹೇಳಲು ಹೊರಟಳು. ಶ್ರೀರಂಜಿನಿ ಅವಳನ್ನು ತಡೆದಳು. ಸಿಂಥಿಯಾಳ ಕಡೆಗೇ ತಿರುಗಿ ಹೇಳಿದಳು.

“ನಾನು ಮಾಡುದಿಲ್ಲ. ಆದ್ರೆ ನಾವು ಓದಿದ್ದನ್ನು ಎಲ್ಲರಿಗೂ ಸಿಗುವ ಹಾಗೆ ಇಡ್ತೇವೆ. ಅದನ್ನು ನೋಡಿ ಇನ್ನೊಬ್ಬರು ಎಂತ ಮಾಡ್ತಾರೆ ಅಂತ ನಾನು ಮಾತು ಕೊಡ್ಲಿಕ್ಕೆ ಆಗುದಿಲ್ಲ. ಇಷ್ಟು ಹೇಳಬಲ್ಲೆ. ಆ ಕಾಲದಲ್ಲಿ ಈ ಹುಳದ ವಿಷಯ ಹೆಚ್ಚು ಗೊತ್ತಿರಲಿಲ್ಲ. ಗೊತ್ತಿಲ್ಲದೆ ಇಡೀ ಗುಡ್ಡಕ್ಕೆ ಬಿಟ್ಟರು. ಹುಳದ ಒಳಗು ಸರಿಯಾಗಿ ಗೊತ್ತಿದ್ದರೆ, ಯಾವುದಕ್ಕೆ ಅದು ಸಾಯುದಿಲ್ಲ ಅಂತ ಮೊದಲೇ ಹೇಳಬಹುದು. ಸುಮ್ಮನೆ ಬಿಡುದನ್ನು ತಡೀಬಹುದು.”

ಸಿಂಥಿಯಾ ತಾಯಿಯ ಮುಖ ನೋಡಿದಳು. “ಸುಳ್ಳು… ಹೇಳ್ಲಿಲ್ಲ,” ಎಂದಳು.

ತೆರೆಜಾ ಎರಡು ಷರತ್ತು ಹಾಕಿದಳು. ಮದ್ದಿನ ಬಾಟ್ಲಿ ಗೇಟು ದಾಟಿ ಒಳಗೆ ಬರಬಾರದು. ಪರೀಕ್ಷೆಯಲ್ಲಿ ಏನೇ ಬಂದರೂ, ಒಳ್ಳೆಯದೋ ಕೆಟ್ಟದೋ, ಕನ್ನಡದಲ್ಲಿ ಬಂದು ತಮಗೆ ಹೇಳಬೇಕು. ಶ್ರೀರಂಜಿನಿ ಎರಡಕ್ಕೂ ಒಪ್ಪಿದಳು.

ಮರುದಿನ ಏಳು ಗಂಟೆಗೆ ಕೀಟ ಹಿಡಿಯುವ ಕೆಲಸ ಶುರುವಾಯಿತು. ಮೊದಲ ಮರಕ್ಕೆ ಕೈ ಹಾಕಿದ ಶ್ರೀರಂಜಿನಿ “ಅಯ್ಯಮ್ಮಾ!” ಎಂದು ಹಿಂದೆ ಹಾರಿದಳು. ಎಲೆಗಳನ್ನು ಹೊಲಿದು ಗೂಡು ಕಟ್ಟಿದ ಕೆಂಪಿರುವೆಗಳು ಅವಳ ತೋಳನ್ನೆಲ್ಲ ಮುತ್ತಿದ್ದವು. ಪಿಯುಸ್ ಇರುವೆಗಳನ್ನು ಒರೆಸಿ ತೆಗೆಯುತ್ತ, “ಇವು ಇದ್ದ ಮರದಲ್ಲಿ ಸೊಳ್ಳೆ ಸಿಕ್ಕುದಿಲ್ಲ ಮಗಾ. ಆಚೆ ಬಾ,” ಎಂದ. ಹೌದು, ಇರುವೆಗೂಡು ಇದ್ದ ಹನ್ನೊಂದು ಮರಗಳಲ್ಲಿ ಚಿಗುರು ಹೆಚ್ಚೇನೂ ಕರಟಿರಲಿಲ್ಲ. ಶ್ರೀರಂಜಿನಿ ತೋಳು ತುರಿಸುತ್ತಲೇ ಅದನ್ನು ಬರೆದುಕೊಂಡಳು.

ಪರೀಕ್ಷೆಗೆ ಬೇಕಾದಷ್ಟು ಕೀಟಗಳು ಉಳಿದ ಮರಗಳಲ್ಲಿ ಸಿಕ್ಕಿದವು, ಅವನ್ನು ಚಿಗುರಿನ ಜೊತೆ ಜೀವಂತವಾಗಿಯೇ ಇಟ್ಟಳು. ಜೀನೋಮ್ ಓದಲಿಕ್ಕೆ ಬೇರೆ ಹತ್ತು ಕೀಟಗಳನ್ನು ಐಸು ತುಂಬಿದ ಪೆಟ್ಟಿಗೆಯಲ್ಲಿಟ್ಟು ಅವಳು ಹನ್ನೊಂದು ಗಂಟೆಯ ಬಸ್ಸಿಗೆ ಹೋದಳು.

ಆದರೆ ಆ ಹತ್ತು ಕೀಟಗಳಿಂದ ಏನೂ ಪ್ರಯೋಜನವಾಗಲಿಲ್ಲ. ದಾರಿಯಲ್ಲಿ ಬಸ್ಸು ಕೆಟ್ಟು ಎರಡು ಗಂಟೆ ನಿಂತಿತ್ತು, ಐಸು ಕರಗಿ ನೀರಾಗಿತ್ತು. ವಾರ ಕಳೆದು ಶ್ರೀರಂಜಿನಿ ಮುಖ ಸಣ್ಣ ಮಾಡಿಕೊಂಡು ಬಂದಳು.

“ಬಾಯಮ್ಮ, ಪರೀಕ್ಷೆಯ ಹುಳಗಳು ಸರಿ ಉಂಟು. ಓದ್ಲಿಕ್ಕೆ ಕೊಂಡುಹೋದದ್ದು ಹಾಳಾಯ್ತು. ತಪ್ಪು ನನ್ನದೇ. ಒಳಗಿನ ಡಿ.ಎನ್.ಎ. ಚೂರು ಚೂರಾಗಿದೆ. ಇನ್ನೊಂದು ಸಲ ಬೇಕು. ಈ ಸಲ ಒಂದೇ ತಾಯಿಯ ಮಕ್ಕಳಾದರೆ ಒಳ್ಳೆಯದಿತ್ತು.”

“ಒಂದೇ ತಾಯಿಯ ಮಕ್ಕಳು ಅಂತ ಗೊತ್ತಾಗುದು ಹೇಗೆ? ಅವುಗಳಿಗೆ ರೇಷನ್ ಕಾರ್ಡು ಉಂಟಾ?” ಎಂದಳು ತೆರೆಜಾ.

ಜಗಲಿಯಿಂದ ಸಿಂಥಿಯಾ ಕೈ ಎತ್ತಿದಳು. “ನಂಗೆ… ಗೊತ್ತುಂಟು.”

ಟೀ ಸೊಳ್ಳೆ ಪೇರಳೆಯ ಚಿಗುರಿಗೂ ಬರುತ್ತದೆ. ಅವಳು ಪೇರಳೆ ಮರದ ತಗ್ಗಿನ ಕೊಂಬೆಯೊಂದನ್ನು ತೋರಿಸಿದಳು. ಹಿಂದಿನ ದಿನ ಬೆಳಿಗ್ಗೆ ಒಂದು ಹೆಣ್ಣು ಕೀಟ ಅಲ್ಲಿ ಎಳೆ ದಂಟಿಗೆ ಹೊಟ್ಟೆ ಒತ್ತಿ ಒತ್ತಿ ಬಹಳ ಹೊತ್ತು ಕೂತಿತ್ತಂತೆ. ಬೇರೆ ಯಾವುದೂ ಆ ಕೊಡಿಗೆ ಬರಲಿಲ್ಲವಂತೆ. ಶ್ರೀರಂಜಿನಿ ಭೂತಗಾಜು ಹಿಡಿದು ನೋಡಿದಳು. ದಂಟಿನ ಸಿಪ್ಪೆಯೊಳಗೆ ಹುದುಗಿಸಿದ ಮೊಟ್ಟೆಗಳು. ಒಂದೊಂದರಿಂದಲೂ ಎರಡೆರಡು ಬಿಳಿ ಎಳೆ, ಕೂದಲಿಗಿಂತ ಸಪೂರ, ಹೊರಗೆ ಚಾಚಿದ್ದವು.

“ಇದನ್ನು ನೀವು ಕುರ್ಚಿಯಿಂದ ನೋಡಿದ್ದಾ?” ಶ್ರೀರಂಜಿನಿಗೆ ನಂಬಲಿಕ್ಕಾಗಲಿಲ್ಲ.

“ಇಡೀ ದಿನ… ಕೂತಿರ್ತೇನಲ್ಲ. ಮತ್ತೆಂತ… ಕೆಲಸ?” ಸಿಂಥಿಯಾ ನಕ್ಕಳು.

ಈ ಸಲ ಬಸ್ಸು ಬೇಡ ಎಂದಳು ತೆರೆಜಾ. ಸೌದಾಮಿನಿ ಜೀಪು ಮಾಡಿಸಿದಳು. ಮೊಟ್ಟೆ ಇದ್ದ ಕೊಡಿಯನ್ನು ನೀರಿನ ಬಾಟ್ಲಿಯಲ್ಲಿ ನಿಲ್ಲಿಸಿ, ಮೇಲಿಂದ ಬಲೆಬಟ್ಟೆ ಕಟ್ಟಿ, ತೆರೆಜಾ ಅದನ್ನು ಮಡಿಲಲ್ಲಿಟ್ಟುಕೊಂಡು ಕಾಸರಗೋಡಿಗೆ ತಾನೇ ಹೊರಟಳು. ಎಲ್ಲಿಗೆ ಹೋಗುತ್ತದೆ, ಯಾರ ಕೈಗೆ ಹೋಗುತ್ತದೆ, ನೋಡಿಯೇ ಬರುತ್ತೇನೆ ಎಂಬುದು ಅವಳ ಹಟ.

ಪ್ರಯೋಗಾಲಯದಲ್ಲಿ ಅವಳು ಎಣಿಸಿದಂಥದ್ದು ಯಾವುದೂ ಇರಲಿಲ್ಲ. ಒಂದು ಮೇಜು, ಎರಡು ಕಂಪ್ಯೂಟರ್, ಬಹಳ ತಣ್ಣಗಿನ ಒಂದು ಕಪಾಟು. ಓದುವ ಯಂತ್ರ ಎಂದು ತೋರಿಸಿದ್ದು ಮೊಬೈಲಿನಷ್ಟು ದೊಡ್ಡದಿತ್ತು.

“ಇಷ್ಟೇನಾ?”

“ಇಷ್ಟೇ. ಹುಳದ ಮೈಯ ಒಂದೊಂದು ಕಣದಲ್ಲೂ ಒಂದು ಉದ್ದ ಬರಹ ಉಂಟು ಬಾಯಮ್ಮ. ಇರುದು ನಾಲ್ಕೇ ಅಕ್ಷರ. ಅದನ್ನೇ ಹಿಂದೆ ಮುಂದೆ ಮಾಡಿ ಕೋಟಿಗಟ್ಟಲೆ ಬರೆದದ್ದು. ಬೆನ್ನಿನ ಮುಳ್ಳು, ಕಾಲಿನ ಉದ್ದ, ಯಾವ ವಿಷ ತಿಂದು ಅರಗಿಸಿಕೊಳ್ಳುದು, ಎಲ್ಲ ಅದರಲ್ಲಿ. ಈ ಯಂತ್ರ ಪೂರ್ತಿ ಒಮ್ಮೆಗೇ ಓದುದಿಲ್ಲ. ತುಂಡು ತುಂಡು ಓದ್ತದೆ. ಮತ್ತೆ ಆ ತುಂಡುಗಳನ್ನು ಜೋಡಿಸಬೇಕು.”

“ಯಾವುದರ ಮುಂದೆ ಯಾವುದು ಅಂತ ಹುಳ ಬಂದು ಹೇಳ್ತದಾ?”

ಶ್ರೀರಂಜಿನಿ ಕಾಗದ ತೆಗೆದು ಗೆರೆ ಎಳೆದು ವಿವರಿಸಿದಳು. ತೆರೆಜಾ ಕಾಗದವನ್ನು ಒಮ್ಮೆ ನೋಡಿದಳು, ಹುಡುಗಿಯ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಒಂದು ವಿಷಯ ಹೊಳೆಯಿತು.

“ತಡಿ. ನಮ್ಮಲ್ಲಿ ಮದುವೆಯ ಹಿಂದಿನ ದಿನ ರೋಸ್ ಅಂತ ಉಂಟು. ಮದುಮಗಳಿಗೆ ತೆಂಗಿನಹಾಲು ಹಚ್ಚುದು. ಆಗ ಹೆಂಗಸರು ಕೊಂಕಣಿಯಲ್ಲಿ ವೊವಿಯೊ ಹಾಡ್ತಾರೆ. ನನ್ನ ಅತ್ತೆಗೆ ಒಂದು ಉದ್ದದ ಹಾಡು ಬರ್ತಿತ್ತು. ಅವರು ಹೋದ ಮೇಲೆ ಪೂರ್ತಿ ಗೊತ್ತಿದ್ದವರು ಇಲ್ಲ. ನಾದಿನಿಯ ಮಗಳು ಶಾಲೆಟಳ ಮದುವೆಗೆ ಆ ಹಾಡೇ ಬೇಕು ಅಂತಾಯಿತು. ನಾವು ಎಂಟು ಹೆಂಗಸರು ಕೂತೆವು. ಒಬ್ಬಳಿಗೆ ನಾಲ್ಕು ಸಾಲು, ಇನ್ನೊಬ್ಬಳಿಗೆ ಆರು ಸಾಲು ನೆನಪು. ಇವಳ ಕೊನೆಯ ಸಾಲು ಅವಳ ಮೊದಲ ಸಾಲಾದರೆ ಅಲ್ಲಿ ಸೇರಿಸಿದೆವು.”

“ಅದೇ ಬಾಯಮ್ಮ! ಸರಿಯಾಗಿ ಅದೇ.”

“ಕಷ್ಟ ಆದದ್ದು ಪಲ್ಲವಿಯಲ್ಲಿ. ಅದು ಇಪ್ಪತ್ತು ಕಡೆ ಬರ್ತದಲ್ಲ. ಪಲ್ಲವಿ ಆದ ಮೇಲೆ ಯಾವ ಚರಣ ಅಂತ ಹೇಗೆ ಹೇಳುದು? ಎಂಟು ಜನ ಜಗಳ ಮಾಡಿದೆವು. ಕೊನೆಗೆ ಕುಂಜತ್ತೂರಿನಿಂದ ಒಬ್ಬರು ಅಜ್ಜಿಯನ್ನು ಕರೆಸಿದೆವು. ಅವರಿಗೆ ಏಳು ಚರಣ ಪಲ್ಲವಿ ಸಮೇತ ಒಟ್ಟಿಗೆ ಬರ್ತಿತ್ತು. ಆಗ ಸರಿಯಾಯ್ತು.”

ಶ್ರೀರಂಜಿನಿ ಕುರ್ಚಿಯಿಂದ ಎದ್ದೇಬಿಟ್ಟಳು. “ಈ ಹುಳದಲ್ಲೂ ಹಾಗೇ. ಒಂದೇ ಸಾಲು ಸಾವಿರ ಕಡೆ ಬರ್ತದೆ. ಅದನ್ನು ದಾಟ್ಲಿಕ್ಕೆ ಉದ್ದದ ತುಂಡು ಬೇಕು. ಹುಳ ಜೀವಂತ ಇದ್ದು, ಕೂಡಲೇ ತಣ್ಣಗಾದರೆ ಮಾತ್ರ ಉದ್ದ ತುಂಡು ಸಿಗುದು. ಈ ಮೊಟ್ಟೆ ಒಡೆದು ಹುಳ ಬೆಳೆದ ಮೇಲೆ ಇಲ್ಲೇ ಹಾಗೆ ಮಾಡ್ತೇನೆ. ಐಸು ಕರಗಿಸಿ ನಾನು ಕಳಕೊಂಡದ್ದು ನಿಮ್ಮ ಕುಂಜತ್ತೂರಿನ ಅಜ್ಜಿಯನ್ನೇ!”

“ಒಂದೇ ತಾಯಿಯ ಮಕ್ಕಳು ಬೇಕು ಅಂದದ್ದೂ ಅದಕ್ಕೇ ಇರ್ಬೇಕು. ನಾಲ್ಕು ಊರಿನ ಪಾಠ ಬೆರೆಸಿದರೆ ಹಾಡು ಕುಲಗೆಡ್ತದೆ.”

“ಬಾಯಮ್ಮ, ನೀವು ಇಲ್ಲಿಗೇ ಕೆಲಸಕ್ಕೆ ಬನ್ನಿ,” ಎಂದಳು ಶ್ರೀರಂಜಿನಿ.

ಜೀಪಿನಲ್ಲಿ ಹಿಂತಿರುಗುವಾಗ ತೆರೆಜಾಗೆ ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಆದರೆ ಈ ಸಲ ಏನು ನಡೆಯುತ್ತಿದೆ ಎಂದು ತನಗೆ ಗೊತ್ತಿದೆ ಎಂಬುದು ಅವಳಿಗೆ ಹೊಸತಾಗಿತ್ತು.

ಜನವರಿ ಏಳರಂದು ವಾಚನಾಲಯದಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ತೆರೆಜಾ, ಪಿಯುಸ್ ಇಬ್ಬರೂ ಹೋದರು. ಸಿಂಥಿಯಾಳನ್ನೂ ಕುರ್ಚಿ ಸಮೇತ ಜೀಪಿನಲ್ಲಿ ಕರೆದೊಯ್ದರು. ಸಭೆಗೆ ಮೊದಲೇ ಬಂದಿದ್ದ ಶ್ರೀರಂಜಿನಿ ಕೊಟ್ಟ ಮಾತಿನಂತೆ ಫಲಿತಾಂಶವನ್ನು ಆ ಮೂವರಿಗೆ ಹೊರಗೆ ನಿಂತು ಹೇಳಿದ್ದಳು. ಆಮೇಲೆ ಸೌದಾಮಿನಿ ಎಲ್ಲರೆದುರು ಅವಳನ್ನು ನಿಲ್ಲಿಸಿದಳು.

“ಎರಡು ತೋಟದಿಂದಲೂ ಐವತ್ತೈವತ್ತು ಹುಳ ತೆಗೆದು, ಈಗ ಇಲ್ಲಿ ಬಿಡುವ ಮದ್ದನ್ನೇ ಹೇಳಿದ ಪ್ರಮಾಣದಲ್ಲಿ ಕೊಟ್ಟೆವು. ಬರೀ ನೀರು ಕೊಟ್ಟು ಬೇರೆ ಕೆಲವನ್ನು ಇಟ್ಟಿದ್ದೆವು, ಅವೆಲ್ಲ ಬದುಕಿದವು. ತೆರೆಜಾಬಾಯಮ್ಮನ ತೋಟದ್ದರಲ್ಲಿ ಮೂವತ್ತೆಂಟು ಸತ್ತವು. ಉಗ್ಗಪ್ಪಣ್ಣನ ತೋಟದ್ದರಲ್ಲಿ ಸತ್ತದ್ದು ಹದಿನಾಲ್ಕು.”

ಸಭೆಯಲ್ಲಿ ಗುಜುಗುಜು ಆಯಿತು. ಉಗ್ಗಪ್ಪ ಎದ್ದು ನಿಂತ. ಅವನ ಮುಖ ಕೆಂಪಾಗಿತ್ತು.

“ಹಾಗಾದ್ರೆ ನಾನು ನಾಲ್ಕು ವರ್ಷದಿಂದ ಬಿಟ್ಟದ್ದು ಎಂತ? ನೀರಾ?”

“ನೀರಲ್ಲ ಉಗ್ಗಪ್ಪಣ್ಣ. ವಿಷವೇ. ಮೆತ್ತಗಿನ ಹುಳ ಸತ್ತಿತು, ಗಟ್ಟಿಯದ್ದು ಉಳಿಯಿತು, ಅದರ ಮಕ್ಕಳೂ ಗಟ್ಟಿಯಾದವು. ಸೊಳ್ಳೆಯನ್ನು ದೂರ ಇಡುವ ಇರುವೆ ಸತ್ತಿತು. ಎರಡು ಪಟ್ಟು ಮಾಡಿದರೆ ಹುಳ ಇನ್ನೂ ಗಟ್ಟಿ ಆಗಬಹುದು, ಬಾವಿ, ಜೇನು, ಮಕ್ಕಳು ಇದ್ದಲ್ಲೇ ಇರ್ತಾರೆ. ಬಾಯಮ್ಮನ ತೋಟದಲ್ಲೂ ಹನ್ನೆರಡು ಬದುಕಿವೆ ನೋಡಿ. ಗಟ್ಟಿ ಹುಳ ಅಲ್ಲಿಗೂ ಬರ್ಲಿಕ್ಕೆ ಶುರುವಾಗಿದೆ ಅಂತ ನನಗೆ ಅನುಮಾನ.”

“ಮತ್ತೆ ನಾವು ಎಂತ ಮಾಡುದು? ಸುಮ್ಮನೆ ಕೂತುಕೊಳ್ಳುದಾ?” ಹಿಂದಿನಿಂದ ಗೌರೀಶಂಕರ ಎಂಬ ಬೆಳೆಗಾರ ಕೇಳಿದ.

ಸೌದಾಮಿನಿ ಉತ್ತರ ಕೊಟ್ಟಳು. “ಸುಮ್ಮನೆ ಕೂರ್ಲಿಕ್ಕೆ ಹೇಳುದಿಲ್ಲ. ವಾರಕ್ಕೊಮ್ಮೆ ಚಿಗುರು ನೋಡಿ. ಒಣಗಿದ ಗೆಲ್ಲು ಕಡಿದು ಮರದೊಳಗೆ ಬೆಳಕು ಬಿಡಿ. ಇರುವೆಗೂಡು ಇದ್ದಲ್ಲಿಂದ ಇಲ್ಲದ ಮರಕ್ಕೆ ಹಗ್ಗ ಕಟ್ಟಿ ದಾರಿ ಮಾಡಿಕೊಡಿ. ಅಷ್ಟಾದರೂ ಒಂದು ಮರದಲ್ಲಿ ಜಾಸ್ತಿ ಆದರೆ ಕೃಷಿಭವನಕ್ಕೆ ಬನ್ನಿ. ಆ ಮರಕ್ಕೆ ಮಾತ್ರ ಎಂತ ಮಾಡ್ಬೇಕು ಅಂತ ನೋಡುವ. ಇಡೀ ಗುಡ್ಡಕ್ಕೆ ಬೇಡ.”

ಯಾರೋ ಒಬ್ಬರು ಸಿಂಥಿಯಾಳ ಕಡೆ ನೋಡಿದರು, ಮತ್ತೆ ನೆಲ ನೋಡಿದರು. ಅವಳ ವಿಷಯವನ್ನು ಯಾರೂ ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ಕೈ ಎತ್ತಿಸಿ ಕೇಳಿದಾಗ ಯಂತ್ರ ಬೇಕೆಂದವರು ಒಂಬತ್ತೇ ಮಂದಿ. ಯಂತ್ರ ತರಿಸುವ ಯೋಚನೆ ಅಲ್ಲಿಗೆ ನಿಂತಿತು. ಉಗ್ಗಪ್ಪ ಯಾವ ಕಡೆಗೂ ಕೈ ಎತ್ತಲಿಲ್ಲ.

ಮೂರು ದಿನ ಬಿಟ್ಟು ಅವನು ಬೇಲಿಯ ಹತ್ತಿರ ಬಂದು ಕೆಮ್ಮಿದ.

“ಬಾಯಮ್ಮಾ, ಆ ಇರುವೆ… ಸ್ವಲ್ಪ ಕೊಡ್ತೀರಾ?”

“ಹಗ್ಗ ತನ್ನಿ. ಕೈಗೆ ಬೂದಿ ಹಚ್ಚಿಕೊಂಡು ಬನ್ನಿ, ಇಲ್ಲದಿದ್ರೆ ಕಚ್ಚಿ ತಿಂತದೆ,” ಎಂದಳು ತೆರೆಜಾ.

ಆ ವರ್ಷ ಉಗ್ಗಪ್ಪನಿಗೆ ಬೆಳೆ ಕಡಿಮೆಯೇ ಆಯಿತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಹಗ್ಗ ಕಟ್ಟಿದ ಕೂಡಲೇ ಇರುವೆ ಎಲ್ಲ ಮರ ಹತ್ತುವುದಿಲ್ಲ, ಮದ್ದಿನ ಪಸೆ ಹೋಗಲಿಕ್ಕೂ ಕಾಲ ಬೇಕು. ಮರುವರ್ಷ ಅವನ ಅರ್ಧದಷ್ಟು ಮರಗಳಲ್ಲಿ ಗೂಡು ಕಂಡಿತು, ಆ ಮರಗಳಲ್ಲಿ ಹೂವು ನಿಂತಿತು. ಉಳಿದ ಅರ್ಧದಲ್ಲಿ ಈಗಲೂ ತಲೆಬಿಸಿ ಉಂಟು.

ಜೀನೋಮ್ ಜೋಡಿಸುವ ಕೆಲಸಕ್ಕೆ ಒಂದೂವರೆ ವರ್ಷ ಹಿಡಿಯಿತು. ೨೦೧೯ರ ಮೇ ತಿಂಗಳಲ್ಲಿ ಶ್ರೀರಂಜಿನಿ ಮತ್ತೆ ಬಂದಳು. ಅಯಲ್ಕೂಟದ ಹೆಂಗಸರೆಲ್ಲ ತೆರೆಜಾಳ ಜಗಲಿಯಲ್ಲಿ ಸೇರಿದ್ದರು.

“ಹಾಡು ಪೂರ್ತಿ ಆಯ್ತಾ?” ತೆರೆಜಾ ಕೇಳಿದಳು.

“ಹೆಚ್ಚು ಕಡಿಮೆ ಆಯ್ತು. ನಡುವೆ ಕೆಲವು ಕಡೆ ಖಾಲಿ ಉಂಟು. ಯಾರು ಬೇಕಾದರೂ ನೋಡುವ ಹಾಗೆ ಹಾಕಿದ್ದೇವೆ. ಬೇರೆ ಊರಿನವರು ಅವರಲ್ಲಿಯ ಹುಳವನ್ನು ಇದಕ್ಕೆ ಹೋಲಿಸಬಹುದು. ಇನ್ನು ಎಲ್ಲರೂ ಮೊದಲಿಂದ ಶುರು ಮಾಡಬೇಕಾಗಿಲ್ಲ.”

“ಮದ್ದು… ಅರಗಿಸುದು… ಎಲ್ಲಿ ಬರೆದುಂಟು ಅಂತ… ಗೊತ್ತಾಯ್ತಾ?” ಸಿಂಥಿಯಾಗೆ ಬೇಕಿದ್ದದ್ದು ಅದೊಂದೇ.

“ಎರಡು ಜಾಗದ ಮೇಲೆ ಅನುಮಾನ ಉಂಟು. ಉಗ್ಗಪ್ಪಣ್ಣನಲ್ಲಿಯ ಹುಳದಲ್ಲಿ ಆ ಎರಡು ಕಡೆ ಅಕ್ಷರ ಬೇರೆ. ಅದೇ ಕಾರಣ ಅಂತ ಖಂಡಿತ ಹೇಳ್ಲಿಕ್ಕೆ ಇನ್ನೂ ಪರೀಕ್ಷೆ ಆಗಬೇಕು. ಖಂಡಿತ ಆದರೆ, ಒಂದು ತೋಟದ ನಾಲ್ಕು ಹುಳ ನೋಡಿ, ಈ ಮದ್ದು ಇಲ್ಲಿ ಸುಮ್ಮನೆ ದಂಡ, ಬಿಡಬೇಡಿ ಅಂತ ಮೊದಲೇ ಹೇಳಬಹುದು.”

“ಬೇಗ… ಮಾಡಿ,” ಎಂದಳು ಸಿಂಥಿಯಾ.

ತೆರೆಜಾ ಒಳಗೆ ಹೋಗಿ ಬಾಟ್ಲಿ, ಬಲೆಬಟ್ಟೆ ತಂದು ಸೌದಾಮಿನಿಯ ಕೈಗಿತ್ತಳು. “ಈ ವರ್ಷ ಯಾರ ತೋಟದ್ದು ಬೇಕು ಅಂತ ಹೇಳು. ಒಪ್ಪದವರು ಇದ್ದರೆ ನಾನೇ ಹೋಗಿ ಮಾತಾಡ್ತೇನೆ.”

ಗೇರು ಬೆಳೆಯುವ ಅಕ್ಕಂದಿರೇ, ಅಣ್ಣಂದಿರೇ, ಈ ಕಥೆಯನ್ನು ಓದಿದ ನೀವು, ಓದಿಸಿ ಕೇಳಿದ ನೀವು, ನಾಳೆ ಬೆಳಿಗ್ಗೆ ನಿಮ್ಮ ಮರದ ಒಂದು ಕೊಡಿಯನ್ನು ಬಗ್ಗಿಸಿ ನೋಡಿ. ಕರಟಿದ್ದರೆ ಮದ್ದಿನ ಅಂಗಡಿಗೆ ಓಡುವ ಮೊದಲು ಕೃಷಿಭವನಕ್ಕೆ ತಿಳಿಸಿ. ಹಿಂದೆ ಯಾವ ಮದ್ದು, ಎಷ್ಟು ಸಲ ಬಿಟ್ಟಿದ್ದೀರಿ ಎಂದು ಕೇಳಿದರೆ ನಾಚದೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಪರೀಕ್ಷೆಗೆ ಕೀಟ ಬೇಕೆಂದರೆ ಸಾಯಿಸಿ ಕೊಡಬೇಡಿ, ಗಾಳಿಯಾಡುವ ಬಟ್ಟೆ ಕಟ್ಟಿ ಚಿಗುರಿನೊಂದಿಗೆ ಜೀವಂತ ಕೊಡಿ. ಕೊಟ್ಟು ಸುಮ್ಮನಾಗಬೇಡಿ. ಇದರಿಂದ ಏನು ಮಾಡುತ್ತೀರಿ ಎಂದು ಕೇಳಿ, ಏನು ಗೊತ್ತಾಯಿತೆಂದು ನಮ್ಮ ಭಾಷೆಯಲ್ಲಿ ಬಂದು ಹೇಳಿ ಎಂದು ಕೇಳಿ. ನಿಮ್ಮ ತೋಟದ ಕೀಟದ ಬಗ್ಗೆ ತಿಳಿಯುವುದು ನಿಮ್ಮ ಹಕ್ಕು. ತಿಳಿಯದೆ ಬಿಟ್ಟ ವಿಷವನ್ನು ವಾಪಸು ತೆಗೆಯಲು ಯಾರಿಂದಲೂ ಆಗುವುದಿಲ್ಲ.